ದೂರಯಂತ್ರಕ್ಕೆ ನಿರೂಪ: ಸುರಕ್ಷಿತ ಆಜ್ಞಾಮಾರ್ಗದ ಸ್ವರೂಪ

ರಾಜಧಾನಿಯಿಂದ ನಿರೂಪಗಳನ್ನು ಕಳುಹಿಸಿ ದೂರದ ನಾಡುಗಳನ್ನು ಆಳುವ ಸಮಸ್ಯೆ ಇತಿಹಾಸದ ವಿದ್ಯಾರ್ಥಿಗೆ ಹೊಸದಲ್ಲ. ನಿರೂಪವನ್ನು ಹೊತ್ತವನು ದಾರಿಯಲ್ಲಿ ಅದನ್ನು ಓದದೆ ಇರುವನೆ? ಅದನ್ನು ಕೈಗೆ ತೆಗೆದುಕೊಂಡವನು ನಿಜವಾಗಿಯೂ ಆ ಅಧಿಕಾರಿಯೆ? ಅಧಿಕಾರಿಯ ಕಡೆಯಿಂದ ನೋಡುವುದಾದರೆ, ಬಂದ ನಿರೂಪವು ಅರಸನದೇ ಹೌದೆ? ಇವುಗಳ ಜೊತೆಗೆ ನಾಲ್ಕನೆಯದೊಂದು ಪ್ರಶ್ನೆಯೂ ಉಂಟು: ದಾರಿಯೇ ಕಡಿದುಹೋದರೆ ಆಳ್ವಿಕೆಯ ಗತಿಯೇನು? ಇಂದು ಒಂದೂರಿನಲ್ಲಿ ಕುಳಿತು ಮತ್ತೊಂದೂರಿನ ಗಣಕಯಂತ್ರವನ್ನು ನಡೆಸುವವರ ಮುಂದೆ ಇರುವುದೂ ಇವೇ ನಾಲ್ಕು ಪ್ರಶ್ನೆಗಳು. ಅವುಗಳಿಗೆ ದೊರೆತಿರುವ ಉತ್ತರಗಳನ್ನು, ಆ ಉತ್ತರಗಳಲ್ಲಿ ಮನುಷ್ಯನ ಎಚ್ಚರಕ್ಕೇ ಬಿಟ್ಟಿರುವ ಒಂದು ಭಾಗವನ್ನು, ಯಂತ್ರಶಾಸ್ತ್ರವನ್ನು ಓದದ ನಮ್ಮಂಥವರಿಗೆ ತಿಳಿಯುವಂತೆ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಇದನ್ನು ಬರೆಯುವುದಕ್ಕೆ ಒಂದು ನಿಮಿತ್ತವೂ ಇದೆ. ನಮ್ಮ ವಿಭಾಗವು ಸಂಗ್ರಹಿಸಿದ ಶಾಸನಗಳ ಪಡಿಯಚ್ಚುಗಳ ಚಿತ್ರಗಳು ಈಗ ಕಾಲೇಜಿನ ಕಪಾಟಿನಲ್ಲಿಲ್ಲ. ಬಾಡಿಗೆಗೆ ಪಡೆದ ಒಂದು ಯಂತ್ರದಲ್ಲಿ, ಮುಂಬಯಿಯಲ್ಲಿ ಇವೆ. ಹಾಸನದಿಂದ ನಾನೂ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಕೆಲವರು ಅಧ್ಯಾಪಕರೂ ವಿದ್ಯಾರ್ಥಿಗಳೂ ಆ ಯಂತ್ರದೊಳಕ್ಕೆ ಹೋಗಿ ಕೆಲಸ ಮಾಡುತ್ತೇವೆ. ಆ ಯಂತ್ರವನ್ನು ನಮ್ಮಲ್ಲಿ ಯಾರೂ ಕಣ್ಣಾರೆ ಕಂಡವರಲ್ಲ. ಕಾಣದ ಯಂತ್ರಕ್ಕೆ ಒಂದು ತಲೆಮಾರಿನ ದುಡಿಮೆಯನ್ನು ಒಪ್ಪಿಸಿರುವಾಗ, ಅದರೊಡನೆ ನಮಗಿರುವ ಸಂಬಂಧ ಎಂಥದೆಂಬುದನ್ನು ಅರಿತುಕೊಳ್ಳುವುದು ಯುಕ್ತವೆಂದು ತೋರಿತು.

ಮೊದಲು ಕೆಲಸದ ರೀತಿಯನ್ನು ಹೇಳಬೇಕು. ಇಂಥ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಅದಕ್ಕೆ ತೆರೆಯಾಗಲಿ ಕೀಲಿಮಣೆಯಾಗಲಿ ಇರುವುದಿಲ್ಲ. ನಮ್ಮ ಮುಂದಿರುವ ಕಂಪ್ಯೂಟರಿನಲ್ಲಿ ಕಪ್ಪನೆಯ ಒಂದು ಕಿಟಕಿಯನ್ನು ತೆರೆದು, ಒಂದೊಂದು ಸಾಲಿನಲ್ಲಿ ಒಂದೊಂದು ಆಜ್ಞೆಯನ್ನು ಬರೆದು, ಎಂಟರ್ ಕೀಲಿಯನ್ನು ಒತ್ತಬೇಕು. ಅಲ್ಲಿ ಯಂತ್ರವು ಅದನ್ನು ನಡೆಸಿ, ಫಲವನ್ನು ಮತ್ತೆ ಸಾಲುಗಳಾಗಿಯೇ ಬರೆದು ಕಳುಹಿಸುತ್ತದೆ. ಚಿತ್ರಗಳನ್ನು ಮುಟ್ಟಿ ಕೆಲಸ ಮಾಡುವುದಕ್ಕೆ ಒಗ್ಗಿದ ನಮ್ಮ ವಿದ್ಯಾರ್ಥಿಗಳಿಗೆ ಇದು ಹಳೆಯ ಕಾಲದ ಪದ್ಧತಿಯಂತೆ ಕಾಣುವುದು ಸಹಜ. ಆದರೆ ಅಕ್ಷರಗಳ ಹೊರೆ ಬಲು ಹಗುರ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಸಂಪರ್ಕವು ಎಷ್ಟು ಕ್ಷೀಣವಾದರೂ ಒಂದು ಸಾಲಿನ ಆಜ್ಞೆ ಹೇಗೋ ದಾಟಿಹೋಗುತ್ತದೆ. ಮೇಲಾಗಿ, ಬರೆದ ಆಜ್ಞೆಯನ್ನು ದಾಖಲೆಯಾಗಿ ಇಟ್ಟುಕೊಳ್ಳಬಹುದು. ನಿನ್ನೆ ಏನು ಮಾಡಿದೆವೆಂಬುದನ್ನು ಇಂದು ಓದಬಹುದು. ಇತಿಹಾಸದವನಿಗೆ ಇದಕ್ಕಿಂತ ಪ್ರಿಯವಾದುದು ಮತ್ತೇನಿದೆ?

ದೂರದಿಂದ ಗಣಕವನ್ನು ನಡೆಸಿದ ಮೊದಲ ಪ್ರಸಂಗವು 1940ರ ಸೆಪ್ಟೆಂಬರ್ 11ರಂದು ನಡೆಯಿತು. ಅಮೆರಿಕದ ಬೆಲ್ ಪ್ರಯೋಗಶಾಲೆಯ ಜಾರ್ಜ್ ಸ್ಟಿಬಿಟ್ಸ್ ಎಂಬವರು ಡಾರ್ಟ್‌ಮತ್ ಕಾಲೇಜಿನಲ್ಲಿ ಸೇರಿದ್ದ ಗಣಿತಜ್ಞರ ಮುಂದೆ ಒಂದು ದೂರಮುದ್ರಕವನ್ನು ಇಟ್ಟು, ತಂತಿಯ ಮೂಲಕ ನ್ಯೂಯಾರ್ಕಿನಲ್ಲಿದ್ದ ತಮ್ಮ ಲೆಕ್ಕದ ಯಂತ್ರಕ್ಕೆ ಪ್ರಶ್ನೆಗಳನ್ನು ಕಳುಹಿಸಿ ಉತ್ತರಗಳನ್ನು ತರಿಸಿದರು. ಬಳಿಕ 1969ರ ಅಕ್ಟೋಬರ್ 29ರ ರಾತ್ರಿ, ಇಂದಿನ ಇಂಟರ್ನೆಟ್ಟಿನ ಪೂರ್ವರೂಪವಾದ ಆರ್ಪಾನೆಟ್ಟಿನಲ್ಲಿ, ಲಾಸ್ ಏಂಜಲಿಸ್ ನಗರದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಚಾರ್ಲಿ ಕ್ಲೈನ್ ಎಂಬವರು ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಯಂತ್ರವನ್ನು ಪ್ರವೇಶಿಸಲು ‘ಲಾಗಿನ್’ ಎಂಬ ಪದವನ್ನು ಅಕ್ಷರಕ್ಷರವಾಗಿ ಬರೆಯತೊಡಗಿದರು. ‘ಎಲ್’, ‘ಓ’ ಎಂಬ ಎರಡು ಅಕ್ಷರಗಳು ತಲುಪಿದೊಡನೆಯೇ ಆಚೆಯ ಯಂತ್ರ ಕುಸಿದುಬಿದ್ದಿತು. ಸುಮಾರು ಒಂದು ಗಂಟೆಯ ಮೇಲೆ ಪ್ರಯತ್ನ ಕೈಗೂಡಿತು. ಹೀಗೆ ಆ ಜಾಲದ ಮೊಟ್ಟಮೊದಲ ಸಂದೇಶವೇ ದೂರದ ಯಂತ್ರವೊಂದರ ಬಾಗಿಲನ್ನು ತಟ್ಟಿದ ಸಂದೇಶ.

ಬಾಗಿಲನ್ನು ತಟ್ಟುವವರೆಲ್ಲರೂ ಪರಿಚಿತರಾಗಿದ್ದ ಆ ಕಾಲದಲ್ಲಿ ಗೋಪ್ಯದ ಚಿಂತೆ ಯಾರಿಗೂ ಇರಲಿಲ್ಲ. ಟೆಲ್ನೆಟ್ ಎಂಬ ಅಂದಿನ ಪದ್ಧತಿಯಲ್ಲಿ ಬಳಕೆದಾರನ ಹೆಸರು, ಪಾಸ್‌ವರ್ಡ್, ಆಜ್ಞೆ ಎಲ್ಲವೂ ಬಿಚ್ಚಿದ ಓಲೆಯಂತೆ ತಂತಿಯ ಮೇಲೆ ಸಾಗುತ್ತಿದ್ದವು. ಇದರ ಅಪಾಯವು ನಮ್ಮ ನಾಡಿನ ಇತಿಹಾಸವನ್ನು ಬಲ್ಲವರಿಗೆ ಥಟ್ಟನೆ ಹೊಳೆದೀತು. ಮೈಸೂರಿನ ಅಂಚೆಯ ವ್ಯವಸ್ಥೆಯನ್ನು ಚಿಕ್ಕದೇವರಾಜ ಒಡೆಯರ (1673-1704) ಆಳ್ವಿಕೆಗೆ ಸೇರಿಸಿ ಹೇಳುವುದು ರೂಢಿ. ಆ ಅಂಚೆಯವರು ಓಲೆಗಳನ್ನು ಒಯ್ಯುವುದರ ಜೊತೆಗೆ ಪ್ರಾಂತದ ಗುಟ್ಟಿನ ವರ್ತಮಾನಗಳನ್ನೂ ಅರಸರಿಗೆ ಮುಟ್ಟಿಸುತ್ತಿದ್ದರೆಂದು ಮೈಸೂರಿನ ಇತಿಹಾಸವನ್ನು ಬರೆದ ವಿಲ್ಕ್ಸ್ ಹೇಳಿರುವುದುಂಟು. ಓಲೆಯನ್ನು ಹೊರುವವನಿಗೆ ಅದನ್ನು ಓದುವ ಅವಕಾಶ ಇದ್ದೇ ಇರುತ್ತದೆ. ಕಂಪ್ಯೂಟರುಗಳ ಜಾಲದಲ್ಲಿಯೂ ಹಾಗೆಯೇ. ನಮ್ಮ ಸಾಲು ಮುಂಬಯಿಯನ್ನು ತಲುಪುವಷ್ಟರಲ್ಲಿ ಹತ್ತಾರು ಮಧ್ಯವರ್ತಿ ಯಂತ್ರಗಳ ಕೈ ಬದಲಾಯಿಸುತ್ತದೆ. ಅವುಗಳಲ್ಲಿ ಒಂದು ಕೆಟ್ಟವರ ವಶವಾಗಿದ್ದರೆ ಸಾಕು.

1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿ ಇಂಥದೇ ಒಂದು ಕದ್ದುಕೇಳುವಿಕೆ ನಡೆದು ಪಾಸ್‌ವರ್ಡುಗಳು ಕಳುವಾದುವು. ಅಲ್ಲಿಯೇ ಸಂಶೋಧಕರಾಗಿದ್ದ ತಾತು ಯಲೋನೆನ್ ಎಂಬವರು ಅದಕ್ಕೆ ಪ್ರತೀಕಾರವಾಗಿ ಒಂದು ಕ್ರಮವಿಧಿಯನ್ನು ರಚಿಸಿ, ಅದೇ ವರ್ಷ ಜುಲೈ ತಿಂಗಳಲ್ಲಿ ಎಲ್ಲರ ಉಪಯೋಗಕ್ಕೂ ಬಿಟ್ಟುಕೊಟ್ಟರು. ಎಸ್.ಎಸ್.ಎಚ್. ಎಂಬ ಮೂರಕ್ಷರದ ಹೆಸರಿನಿಂದ ಪ್ರಸಿದ್ಧವಾದುದು ಇದೇ. ಯಂತ್ರವೊಂದಕ್ಕೆ ಜಾಲದ ಕಡೆಯಿಂದ ಸಂಖ್ಯೆ ಹಾಕಿದ ಅನೇಕ ಬಾಗಿಲುಗಳುಂಟು. ಕಡತಗಳ ಸಾಗಣೆಗೆ 21, ಟೆಲ್ನೆಟ್ಟಿಗೆ 23 ಎಂದು ಮೊದಲೇ ಗೊತ್ತಾಗಿತ್ತು. ನಡುವಣ 22ನ್ನು ಯಲೋನೆನ್ ಅವರು ಕೇಳಿ ಪಡೆದರು. 1999ರಲ್ಲಿ ಓಪನ್ ಬಿ.ಎಸ್.ಡಿ. ಬಳಗದವರು ಇದರ ಮುಕ್ತರೂಪವೊಂದನ್ನು ಸಿದ್ಧಪಡಿಸಿದರು. ಪರಿಷ್ಕೃತವಾದ ಎರಡನೆಯ ಆವೃತ್ತಿಯು 2006ರಲ್ಲಿ ಜಾಲದ ಪ್ರಮಾಣಗಳಲ್ಲಿ ಸೇರಿತು. ಈಗ ಜಗತ್ತಿನ ಬಹುಪಾಲು ಸರ್ವರುಗಳನ್ನು ನಡೆಸುವವರು ಒಳಹೊಗುವುದು ಈ ಬಾಗಿಲಿನಿಂದಲೇ.

ಇನ್ನು ಮೊದಲನೆಯ ಪ್ರಶ್ನೆ. ಎಲ್ಲರೂ ಕೇಳುತ್ತಿರುವ ದಾರಿಯಲ್ಲಿ ಇಬ್ಬರು ಗುಟ್ಟನ್ನು ಹೇಗೆ ಮಾಡಿಕೊಳ್ಳಬಲ್ಲರು? ಗುಪ್ತಲಿಪಿಯಲ್ಲಿ ಬರೆಯಬಹುದು, ಆದರೆ ಆ ಲಿಪಿಯ ಕೀಲಿಯನ್ನು ಮೊದಲು ತಿಳಿಸಬೇಕಲ್ಲ, ಅದು ಹೋಗುವುದೂ ಅದೇ ದಾರಿಯಲ್ಲಿ ತಾನೆ? ಈ ಗಂಟನ್ನು 1976ರಲ್ಲಿ ವಿಟ್‌ಫೀಲ್ಡ್ ಡಿಫಿ, ಮಾರ್ಟಿನ್ ಹೆಲ್ಮನ್ ಎಂಬ ಇಬ್ಬರು ವಿದ್ವಾಂಸರು ಬಿಡಿಸಿ ತೋರಿಸಿದರು. ಅವರ ಉಪಾಯವನ್ನು ಚಿಕ್ಕ ಸಂಖ್ಯೆಗಳಲ್ಲಿ ಹೀಗೆ ವಿವರಿಸಬಹುದು. ಹೊಳೆನರಸೀಪುರದಲ್ಲಿ ಅಧ್ಯಾಪಿಕೆಯೊಬ್ಬರು, ಅರಕಲಗೂಡಿನಲ್ಲಿ ವಿದ್ಯಾರ್ಥಿಯೊಬ್ಬ ಇದ್ದಾರೆಂದು ಭಾವಿಸೋಣ. 5 ಮತ್ತು 23 ಎಂಬ ಎರಡು ಸಂಖ್ಯೆಗಳು ಊರಿಗೆಲ್ಲ ತಿಳಿದಿವೆ. ಅಧ್ಯಾಪಿಕೆಯವರು ಮನಸ್ಸಿನಲ್ಲಿ 3 ಎಂದುಕೊಂಡು, ಐದನ್ನು ಮೂರು ಸಲ ಇಟ್ಟು ಗುಣಿಸಿ 125 ಪಡೆದು, ಅದನ್ನು 23ರಿಂದ ಭಾಗಿಸಿ, ಉಳಿದ ಶೇಷ 10ನ್ನು ಕಳುಹಿಸುತ್ತಾರೆ. ವಿದ್ಯಾರ್ಥಿಯು ಮನಸ್ಸಿನಲ್ಲಿ 7 ಎಂದುಕೊಂಡು, ಐದನ್ನು ಏಳು ಸಲ ಇಟ್ಟು ಗುಣಿಸಿ 78,125 ಪಡೆದು, ಅದೇ ರೀತಿ ಶೇಷ 17ನ್ನು ಕಳುಹಿಸುತ್ತಾನೆ. ಈಗ ಅಧ್ಯಾಪಿಕೆಯವರು ತಮಗೆ ಬಂದ 17ನ್ನು ಮೂರು ಸಲ ಗುಣಿಸುತ್ತಾರೆ. 4,913 ಬರುತ್ತದೆ, 23ರಿಂದ ಭಾಗಿಸಿದರೆ ಶೇಷ 14. ವಿದ್ಯಾರ್ಥಿಯು ತನಗೆ ಬಂದ 10ನ್ನು ಏಳು ಸಲ ಗುಣಿಸುತ್ತಾನೆ. ಒಂದು ಕೋಟಿಯಾಗುತ್ತದೆ, 23ರಿಂದ ಭಾಗಿಸಿದರೆ ಅಲ್ಲಿಯೂ ಶೇಷ 14! ಹದಿನಾಲ್ಕು ಎಂಬ ಸಂಖ್ಯೆ ದಾರಿಯಲ್ಲಿ ಎಲ್ಲಿಯೂ ಸಾಗಲಿಲ್ಲ. ಆದರೂ ಇಬ್ಬರ ಕೈಯಲ್ಲಿಯೂ ಇದೆ. ಕದ್ದು ಕೇಳಿದವನಿಗೆ ದೊರೆತುದು 5, 23, 10, 17 ಮಾತ್ರ.

ಇಷ್ಟು ಚಿಕ್ಕ ಸಂಖ್ಯೆಗಳಾದರೆ ಕಳ್ಳನು ಒಂದೊಂದಾಗಿ ಪರೀಕ್ಷಿಸಿ ಗುಟ್ಟನ್ನು ಹಿಡಿದಾನು. ನಿಜವಾದ ಬಳಕೆಯಲ್ಲಿ ಆ ಸಂಖ್ಯೆಗಳು ನೂರಾರು ಅಂಕಿಗಳಷ್ಟು ಉದ್ದವಾಗಿರುತ್ತವೆ. ಇಲ್ಲವೆ ಅದೇ ತತ್ತ್ವವನ್ನು ಬೇರೊಂದು ಗಣಿತಕ್ಕೆ ಅಳವಡಿಸಿರುತ್ತಾರೆ. ಮುಂದಕ್ಕೆ ಗುಣಿಸುತ್ತ ಹೋಗುವುದು ಯಂತ್ರಕ್ಕೆ ಕ್ಷಣದ ಕೆಲಸ. ಶೇಷದಿಂದ ಹಿಂದಕ್ಕೆ ಬಂದು ಮನಸ್ಸಿನ ಸಂಖ್ಯೆಯನ್ನು ಹುಡುಕುವುದು ಇಂದಿನ ಯಂತ್ರಗಳಿಗೆ ಅಸಾಧ್ಯವೆನ್ನಬಹುದಾದ ಕೆಲಸ. ನಮ್ಮ ಕಪ್ಪು ಕಿಟಕಿಯು ತೆರೆದ ಪ್ರತಿಯೊಂದು ಸಲವೂ ಈ ಸಂಖ್ಯೆಗಳ ವಿನಿಮಯ ಹೊಸದಾಗಿ ನಡೆದು, ದೊರೆತ ಗುಟ್ಟಿನ ಆಧಾರದ ಮೇಲೆ ಮುಂದಿನ ಮಾತೆಲ್ಲವೂ ಗುಪ್ತಲಿಪಿಯಲ್ಲಿ ಸಾಗುತ್ತದೆ. ದಾರಿಯಲ್ಲಿ ಒಂದಕ್ಷರವನ್ನು ಯಾರಾದರೂ ತಿದ್ದಿದರೆ ಅದೂ ಗೊತ್ತಾಗುವಂತೆ ಪ್ರತಿಯೊಂದು ಕಂತಿಗೂ ಒಂದು ಪರೀಕ್ಷಾಂಕವು ಜೊತೆಗಿರುತ್ತದೆ.

ಆದರೆ ಎರಡನೆಯ ಪ್ರಶ್ನೆ ಇನ್ನೂ ಉಳಿದಿದೆ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಅದೇ. ಗುಟ್ಟನ್ನು ಮಾಡಿಕೊಂಡದ್ದು ಸರಿ, ಯಾರೊಡನೆ? ದಾರಿಯ ನಡುವೆ ಕುಳಿತ ವಂಚಕನು ಅಧ್ಯಾಪಿಕೆಯವರೊಡನೆ ತಾನೇ ವಿದ್ಯಾರ್ಥಿಯೆಂದು, ವಿದ್ಯಾರ್ಥಿಯೊಡನೆ ತಾನೇ ಅಧ್ಯಾಪಿಕೆಯೆಂದು ನಟಿಸಿ, ಇಬ್ಬರೊಡನೆಯೂ ಬೇರೆಬೇರೆ ಗುಟ್ಟುಗಳನ್ನು ಮಾಡಿಕೊಂಡರೆ, ಗಣಿತವು ಅವನನ್ನು ತಡೆಯಲಾರದು. ಅವನು ಒಂದು ಕಡೆಯಿಂದ ಬಂದುದನ್ನು ಬಿಚ್ಚಿ ಓದಿ, ಮತ್ತೊಂದು ಕಡೆಗೆ ಹೊಸದಾಗಿ ಮುಚ್ಚಿ ಕಳುಹಿಸುತ್ತಿರುತ್ತಾನೆ. ಇಲ್ಲಿ ಬೇಕಾಗುವುದು ಮುದ್ರೆ.

ಮುದ್ರೆಯ ಮಾತು ಬಂದೊಡನೆ ನಮಗೆ ತಾಮ್ರಶಾಸನಗಳು ನೆನಪಾಗುತ್ತವೆ. ಗಂಗರ ತಾಮ್ರಪಟಗಳನ್ನು ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ತುದಿಗಳನ್ನು ಆನೆಯ ಲಾಂಛನವುಳ್ಳ ಮುದ್ರೆಯಲ್ಲಿ ಕೂಡಿಸಿರುತ್ತಾರೆ. ಪಟವನ್ನು ಸೇರಿಸಬೇಕಾದರೂ ತೆಗೆಯಬೇಕಾದರೂ ಬಳೆಯನ್ನು ಕಡಿಯಬೇಕು. ಇಷ್ಟು ಬಂದೋಬಸ್ತು ಇದ್ದರೂ ಕೂಟಶಾಸನಗಳು ಹುಟ್ಟಿದುವು. ಗಂಗರ ಹೆಸರಿನ ತಾಮ್ರಪಟಗಳಲ್ಲಿ ಹಲವು ಕೃತ್ರಿಮವೆಂದು ಫ್ಲೀಟ್ ವಾದಿಸಿದುದೂ, ಹಾಸನ ಜಿಲ್ಲೆಯ ಶಾಸನಸಂಪುಟವನ್ನು 1902ರಲ್ಲಿ ಹೊರತಂದ ರೈಸ್ ಅವರು ಅದನ್ನು ಸುಲಭವಾಗಿ ಒಪ್ಪದೆ ಹೋದುದೂ ನಮ್ಮ ವಿದ್ಯಾರ್ಥಿಗಳು ಬಲ್ಲ ವಿಷಯ. ಆ ವಾದದಲ್ಲಿ ಮುದ್ರೆಯಿದೆಯೆಂಬುದು ಯಾರಿಗೂ ಸಮಾಧಾನವನ್ನು ಕೊಡಲಿಲ್ಲ. ಲಿಪಿಯು ಆ ಕಾಲದ್ದೆ, ತಿಥಿವಾರಗಳು ಹೊಂದುತ್ತವೆಯೆ, ನಿಸ್ಸಂದೇಹವಾದ ಮತ್ತೊಂದು ಶಾಸನದೊಡನೆ ಇದು ಸರಿಹೋಗುತ್ತದೆಯೆ ಎಂದು ಹೋಲಿಸಿ ನೋಡಬೇಕಾಯಿತು. ಹೋಲಿಸಿ ನೋಡಿದ ಮುದ್ರೆಗೆ ಮಾತ್ರ ಬೆಲೆ.

ಎಸ್.ಎಸ್.ಎಚ್. ಪದ್ಧತಿಯಲ್ಲಿ ಪ್ರತಿಯೊಂದು ಸರ್ವರಿಗೂ ಒಂದು ಜೋಡಿ ಕೀಲಿಕೈಗಳಿವೆ. ಒಂದು ಗೋಪ್ಯ, ಅದು ಯಂತ್ರವನ್ನು ಬಿಟ್ಟು ಹೊರಗೆ ಬರುವುದಿಲ್ಲ. ಇನ್ನೊಂದು ಬಹಿರಂಗ, ಅದನ್ನು ಯಾರಿಗಾದರೂ ಕೊಡಬಹುದು. ಗೋಪ್ಯದ ಕೀಲಿಯಿಂದ ಹಾಕಿದ ಒಪ್ಪವನ್ನು ಬಹಿರಂಗದ ಕೀಲಿಯಿಂದ ಪರೀಕ್ಷಿಸಬಹುದು, ಆದರೆ ಅದರಿಂದ ಒಪ್ಪವನ್ನು ಹಾಕಲಾಗದು. ಸಂಪರ್ಕದ ಆರಂಭದಲ್ಲಿ ಸಂಖ್ಯೆಗಳ ವಿನಿಮಯ ಆದೊಡನೆಯೇ ಸರ್ವರು ಆ ವಿನಿಮಯದ ಮೇಲೆಯೇ ತನ್ನ ಒಪ್ಪವನ್ನು ಹಾಕಿ ಕಳುಹಿಸುತ್ತದೆ. ನಡುವಣ ವಂಚಕನಿಗೆ ಆ ಒಪ್ಪವನ್ನು ಹಾಕುವ ಶಕ್ತಿಯಿಲ್ಲ. ಆದರೆ ಈ ಬಹಿರಂಗದ ಕೀಲಿ ನಮ್ಮ ಸರ್ವರಿನದೇ ಎಂದು ನಮಗೆ ಹೇಳುವವರು ಯಾರು?

ಮೊದಲ ಸಲ ಹೊಸ ಯಂತ್ರವೊಂದನ್ನು ಸಂಪರ್ಕಿಸುವಾಗ ತೆರೆಯ ಮೇಲೆ ಒಂದು ಸೂಚನೆ ಬರುತ್ತದೆ. ಈ ಯಂತ್ರದ ಗುರುತು ನನಗೆ ತಿಳಿಯದು, ಇದರ ಕೀಲಿಯ ಬೆರಳಚ್ಚು ಇಂಥದು, ಮುಂದುವರಿಯಲೆ ಎಂದು ಅದು ಕೇಳುತ್ತದೆ. ಬೆರಳಚ್ಚೆಂದರೆ ಆ ಉದ್ದವಾದ ಕೀಲಿಯನ್ನು ಸಂಕ್ಷೇಪಿಸಿ ಪಡೆದ ನಲವತ್ತಮೂರು ಅಕ್ಷರಗಳ ಒಂದು ಸಾಲು. ನಾವು ‘ಆಗಲಿ’ ಎಂದರೆ ಯಂತ್ರವು ಆ ಕೀಲಿಯನ್ನು ಬರೆದಿಟ್ಟುಕೊಂಡು ಮುಂದೆಂದೂ ಕೇಳುವುದಿಲ್ಲ. ಎಂದಾದರೊಂದು ದಿನ ಕೀಲಿ ಬದಲಾದರೆ ಮಾತ್ರ ದೊಡ್ಡ ಅಕ್ಷರಗಳಲ್ಲಿ ಎಚ್ಚರಿಸಿ ಬಾಗಿಲು ಮುಚ್ಚುತ್ತದೆ. ಅಂದರೆ, ಮೊದಲ ಭೇಟಿಯಲ್ಲಿ ಕಂಡ ಮುಖವೇ ಮುಂದಿನ ಎಲ್ಲ ಭೇಟಿಗಳಿಗೂ ಪ್ರಮಾಣ. ಇಷ್ಟೊಂದು ಗಣಿತದ ಕೋಟೆಗೆ ತಳಪಾಯವಾಗಿರುವುದು ಆ ಒಂದು ‘ಆಗಲಿ’. ಅದನ್ನು ಬರೆಯುವ ಮುನ್ನ ನಲವತ್ತಮೂರು ಅಕ್ಷರಗಳನ್ನು ಹೋಲಿಸಿ ನೋಡಿದವರು ನಮ್ಮ ಪರಿಚಿತರಲ್ಲಿ ಎಷ್ಟು ಮಂದಿ? ಕೂಟಶಾಸನವನ್ನು ಪತ್ತೆಹಚ್ಚುವ ಬಗೆಯನ್ನು ತರಗತಿಯಲ್ಲಿ ವಿವರಿಸುವ ನಾನೂ ಬಹುಕಾಲ ನೋಡಿದವನಲ್ಲ.

ಮೂರನೆಯ ಪ್ರಶ್ನೆ, ಅಂದರೆ ಬಂದವನು ಒಡೆಯನೆ ಎಂದು ಸರ್ವರು ಕೇಳುವ ಪ್ರಶ್ನೆ, ಇದರ ಕನ್ನಡಿಯ ಪ್ರತಿಬಿಂಬ. ಪಾಸ್‌ವರ್ಡಿನಿಂದ ಅದಕ್ಕೆ ಉತ್ತರ ಹೇಳಬಹುದು, ಆದರೆ ಅದು ದುರ್ಬಲ ಉತ್ತರ. ನಮ್ಮ ಸರ್ವರಿನ ದಿನಚರಿ ಕಡತವನ್ನು ತೆರೆದು ನೋಡಿದರೆ, ಎಲ್ಲಿಯವರೋ ಯಾರೋ ಒಂದೇ ರಾತ್ರಿಯಲ್ಲಿ ನೂರಾರು ಸಲ, ‘ರೂಟ್’ ಎಂಬ ಸರ್ವಾಧಿಕಾರಿಯ ಹೆಸರಿನಿಂದ ಒಂದೊಂದೇ ಪಾಸ್‌ವರ್ಡನ್ನು ಪರೀಕ್ಷಿಸಿರುವುದು ಕಾಣುತ್ತದೆ. ಶಾಸನದ ಚಿತ್ರಗಳ ಮೇಲೆ ಅವರಿಗೆ ಆಸೆಯೇನೂ ಇರಲಾರದು. ಸಿಕ್ಕ ಬಾಗಿಲನ್ನೆಲ್ಲ ತಳ್ಳಿನೋಡುವುದು ಅವರ ಯಂತ್ರಗಳ ಕಸುಬು. ಆದುದರಿಂದ ತಿಳಿದವರು ಪಾಸ್‌ವರ್ಡಿನ ದಾರಿಯನ್ನು ಮುಚ್ಚಿ, ಬಳಕೆದಾರನಿಗೂ ಒಂದು ಜೋಡಿ ಕೀಲಿಗಳನ್ನು ಮಾಡಿಸುತ್ತಾರೆ. ಬಹಿರಂಗದ ಕೀಲಿ ಸರ್ವರಿನ ಪಟ್ಟಿಯಲ್ಲಿರುತ್ತದೆ, ಗೋಪ್ಯದ ಕೀಲಿ ನಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಸಾಗುವುದು ಒಪ್ಪ ಮಾತ್ರ. ನಂದಿನಾಗರಿಯಲ್ಲಿ ಬರೆದ ವಿಜಯನಗರದ ತಾಮ್ರಶಾಸನಗಳ ಕೊನೆಗೆ ಕನ್ನಡ ಲಿಪಿಯಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಒಪ್ಪವಿರುವುದನ್ನು ಇಲ್ಲಿ ನೆನೆಯಬಹುದು. ಒಂದು ವ್ಯತ್ಯಾಸವುಂಟು. ಆ ಒಪ್ಪವನ್ನು ಕಂಡವನು ಅದನ್ನು ಅನುಕರಿಸಬಹುದಾಗಿತ್ತು; ಈ ಒಪ್ಪವು ಪ್ರತಿಯೊಂದು ಸಂಪರ್ಕಕ್ಕೂ ಬೇರೆಯಾಗುವುದರಿಂದ ನಿನ್ನೆಯದು ಇಂದಿಗೆ ನಡೆಯದು.

ಕೀಲಿಯು ನಿಜವಾಗಿಯೂ ಊಹೆಗೆ ನಿಲುಕದ್ದಾಗಿರಬೇಕು. ಡೆಬಿಯನ್ ಎಂಬ ಪ್ರಸಿದ್ಧ ಲಿನಕ್ಸ್ ಸಂಕಲನದಲ್ಲಿ 2006ರಲ್ಲಿ ಮಾಡಿದ ಒಂದು ಸಣ್ಣ ತಿದ್ದುಪಡಿಯಿಂದ, ಅಲ್ಲಿ ಹುಟ್ಟಿದ ಕೀಲಿಗಳೆಲ್ಲವೂ ಒಂದೊಂದು ಜಾತಿಗೆ ಸುಮಾರು 32 ಸಾವಿರ ಅಚ್ಚುಗಳೊಳಗಿನವೇ ಆಗಿಹೋದುವು. ನೋಡುವುದಕ್ಕೆ ಒಂದರಂತೆ ಇನ್ನೊಂದಿರಲಿಲ್ಲ. ತಪ್ಪು ಬಯಲಾದುದು 2008ರ ಮೇ ತಿಂಗಳಲ್ಲಿ.

ಇನ್ನು ನಾಲ್ಕನೆಯ ಪ್ರಶ್ನೆ, ದಾರಿಯೇ ಕಡಿದುಹೋಗುವ ವಿಚಾರ. ಇದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ನಾವು ಹಾಸನದಿಂದ ದೂರ ಹೋಗಬೇಕಾಗಿಲ್ಲ. ಸಾಲಗಾಮೆ ರಸ್ತೆಯಲ್ಲಿ ಹೋಗುವವರು ಆಕಾಶಕ್ಕೆ ಮುಖಮಾಡಿದ ದೊಡ್ಡ ಬಿಳಿಯ ತಟ್ಟೆಗಳನ್ನು ಕಂಡಿರಬಹುದು. ಅದು 1982ರಲ್ಲಿ ಇನ್ಸಾಟ್ ಉಪಗ್ರಹಗಳಿಗಾಗಿ ಸ್ಥಾಪಿತವಾದ ಮುಖ್ಯ ನಿಯಂತ್ರಣ ಕೇಂದ್ರ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ನಮ್ಮ ಕಣ್ಣಿಗೆ ಒಂದೇ ಎಡೆಯಲ್ಲಿ ನಿಂತಂತೆ ತೋರುವ ಭಾರತದ ಉಪಗ್ರಹಗಳನ್ನು ಅವುಗಳ ಕಕ್ಷೆಗೆ ಏರಿಸಿ, ಪರೀಕ್ಷಿಸಿ, ಆಯುಷ್ಯವಿರುವವರೆಗೆ ನಡೆಸುವುದು ಇಲ್ಲಿಂದ. 2005ರಿಂದ ಭೋಪಾಲಿನಲ್ಲಿಯೂ ಇಂಥ ಇನ್ನೊಂದು ಕೇಂದ್ರವಿದೆ. ಉಪಗ್ರಹಕ್ಕೆ ಹೋಗುವ ಆಜ್ಞೆಗಳ ರೀತಿಯೇ ಬೇರೆ. ಮೇಲೆ ವಿವರಿಸಿದ ಪದ್ಧತಿಯೊಡನೆ ಅದನ್ನು ಬೆರೆಸಕೂಡದು. ಆದರೆ ಕೈಗೆ ಎಂದೂ ಎಟುಕದ ಯಂತ್ರವನ್ನು ಆಜ್ಞೆಯೊಂದರಿಂದಲೇ ಆಳಬೇಕಾದ ಸ್ಥಿತಿಯು ಇದಕ್ಕಿಂತ ಶುದ್ಧವಾಗಿ ಬೇರೆಲ್ಲಿಯೂ ಕಾಣದು. ಆಜ್ಞೆಯು ಅಲ್ಲಿಗೆ ಮುಟ್ಟಲು ಒಂದು ಸೆಕೆಂಡಿನ ಎಂಟನೆಯ ಒಂದು ಭಾಗ ಸಾಕು. ಮನುಷ್ಯನು ಮಾತ್ರ ಹೋಗಲಾರ.

ಆ ಕೇಂದ್ರದ ಮೊದಲ ಎರಡು ಉಪಗ್ರಹಗಳ ಕಥೆ ಈ ದೃಷ್ಟಿಯಿಂದ ಮನನೀಯ. ಇನ್ಸಾಟ್-1ಎ 1982ರ ಏಪ್ರಿಲ್ 10ರಂದು ಅಮೆರಿಕದಿಂದ ಹಾರಿತು. ಆರಂಭದಿಂದಲೂ ಅದಕ್ಕೆ ವಿಘ್ನಗಳು. ಸೆಪ್ಟೆಂಬರಿನಲ್ಲಿ, ಭೂಮಿಯನ್ನು ಗುರುತಿಸಿ ದಿಕ್ಕನ್ನು ಕಾಯುತ್ತಿದ್ದ ಸಂವೇದಕದ ನೋಟಕ್ಕೆ ಚಂದ್ರನು ಅಡ್ಡಬಂದುದರಿಂದ ಉಪಗ್ರಹವು ದಿಕ್ಕು ತಪ್ಪಿ, ಆಜ್ಞಾಸಂಪರ್ಕ ಕಡಿಯಿತು. ದಿಕ್ಕನ್ನು ಸರಿಪಡಿಸಿಕೊಳ್ಳಲು ಇದ್ದ ಇಂಧನವೆಲ್ಲವೂ ತೀರಿಹೋಗಿ, ಏಳು ವರ್ಷ ಬಾಳಬೇಕಾಗಿದ್ದ ಉಪಗ್ರಹವನ್ನು ಐದೇ ತಿಂಗಳಲ್ಲಿ ಕೈಬಿಡಬೇಕಾಯಿತು. ಯಂತ್ರವು ಒಡೆದಿರಲಿಲ್ಲ, ಹೇಳಿದ ಮಾತು ಅದಕ್ಕೆ ಕೇಳಿಸಲಿಲ್ಲ, ಅಷ್ಟೇ. ಮರುವರ್ಷ, 1983ರ ಆಗಸ್ಟ್ 30ರಂದು, ಚಾಲೆಂಜರ್ ನೌಕೆಯಲ್ಲಿ ಇನ್ಸಾಟ್-1ಬಿ ಹೋಯಿತು. ಅದರ ಸೌರಫಲಕವು ಬಿಚ್ಚಿಕೊಳ್ಳದೆ ಸಿಕ್ಕಿಕೊಂಡಿತು. ಈ ಸಲ ಮಾತಿನ ದಾರಿ ತೆರೆದಿದ್ದಿತು. ಉಪಗ್ರಹವನ್ನು ನಿರ್ಮಿಸಿದ ಫೋರ್ಡ್ ಸಂಸ್ಥೆಯವರೂ ಭಾರತದ ನಿಯಂತ್ರಕರೂ ಸೆಪ್ಟೆಂಬರಿನ ನಡುವಿನವರೆಗೂ ಬಿಡದೆ ಪ್ರಯತ್ನಿಸಿ ಫಲಕವನ್ನು ಬಿಚ್ಚಿಸಿದರು. ಅಕ್ಟೋಬರಿನಲ್ಲಿ ಕೆಲಸಕ್ಕೆ ತೊಡಗಿದ ಆ ಉಪಗ್ರಹವು ತನ್ನ ಅವಧಿಯನ್ನು ಪೂರೈಸಿತು. ಎರಡನ್ನೂ ಹೋಲಿಸಿದರೆ ತಿಳಿಯುವುದಿಷ್ಟು: ದೂರದ ಯಂತ್ರದಲ್ಲಿ ಬೇರೆ ಏನು ಕೆಟ್ಟರೂ ಉಪಾಯವುಂಟು, ಆಜ್ಞಾಮಾರ್ಗ ಕೆಟ್ಟರೆ ಉಳಿದ ಉಪಾಯಗಳನ್ನು ಪ್ರಯೋಗಿಸುವುದಕ್ಕೇ ಆಗದು.

ಇನ್ಸಾಟ್-1ಎ ಪ್ರಸಂಗದಲ್ಲಿ ಅಡ್ಡಬಂದವನು ಚಂದ್ರ. ಸರ್ವರುಗಳ ವಿಷಯದಲ್ಲಿ ದಾರಿಯನ್ನು ಕಡಿಯುವವರು ಸಾಮಾನ್ಯವಾಗಿ ನಾವೇ, ನಮ್ಮ ಆಜ್ಞೆಯಿಂದಲೇ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸಂಸ್ಥೆಯಲ್ಲಿ ದುರಸ್ತಿಯ ಸಂದರ್ಭದಲ್ಲಿ ಕೊಟ್ಟ ಒಂದು ಆಜ್ಞೆಯು ಅವರ ಯಂತ್ರಾಗಾರಗಳ ನಡುವಣ ಸಂಪರ್ಕವನ್ನೆಲ್ಲ ಕಡಿದುಹಾಕಿತು. ತಪ್ಪನ್ನು ದೂರದಿಂದ ಸರಿಪಡಿಸೋಣವೆಂದರೆ ಅದಕ್ಕೂ ಅದೇ ದಾರಿಯೇ ಬೇಕು. ಕೊನೆಗೆ ಜನರು ಯಂತ್ರಗಳಿರುವ ಕಟ್ಟಡಗಳಿಗೇ ಹೋಗಬೇಕಾಯಿತು. ಸೇವೆಯು ಮರಳುವಷ್ಟರಲ್ಲಿ ಸುಮಾರು ಆರು ಗಂಟೆಗಳಾದುವು.

ಕುಳಿತ ಕೊಂಬೆಯನ್ನೇ ಕಡಿದವರ ಪಂಕ್ತಿಯಲ್ಲಿ ಪ್ರಕೃತ ಲೇಖಕನೂ ಸೇರಿದ್ದಾನೆ. ಒಂದು ಶನಿವಾರ ಸಂಜೆ, ಮೇಲೆ ಹೇಳಿದ ಬಾಗಿಲು ತಟ್ಟುವವರ ಕಾಟವನ್ನು ತಪ್ಪಿಸೋಣವೆಂದು, ಸರ್ವರಿನ ರಕ್ಷಣಾಬೇಲಿಯ ನಿಯಮಗಳನ್ನು ಬದಲಾಯಿಸಿದೆನು. ಎಲ್ಲ ಬಾಗಿಲುಗಳನ್ನೂ ಮುಚ್ಚುವ ಆಜ್ಞೆಯನ್ನು ಮೊದಲು ಕೊಟ್ಟು, 22ನ್ನು ತೆರೆಯುವ ಆಜ್ಞೆಯನ್ನು ಅನಂತರ ಕೊಡಬೇಕೆಂದಿದ್ದೆ. ಎರಡನೆಯದನ್ನು ಕೊಡುವ ಅವಕಾಶವೇ ಬರಲಿಲ್ಲ. ಬಾಡಿಗೆಗೆ ಕೊಟ್ಟವರು ಇಂಥ ಆಪತ್ತಿಗೆಂದೇ ಬೇರೊಂದು ಹಿಂಬಾಗಿಲನ್ನು ಇಟ್ಟಿರುತ್ತಾರೆಂಬುದು ಸೋಮವಾರದವರೆಗೂ ನನಗೆ ತಿಳಿದಿರಲಿಲ್ಲ. ಆ ಎರಡು ದಿನ ಚನ್ನರಾಯಪಟ್ಟಣದ ವಿದ್ಯಾರ್ಥಿಯೊಬ್ಬನ ಪ್ರಬಂಧದ ಕೆಲಸ ನಿಂತಿತು. ಅವನು ದೊಡ್ಡ ಮನಸ್ಸಿನಿಂದ ಏನನ್ನೂ ಅನ್ನಲಿಲ್ಲ. ಈಗ ದಾರಿಗೆ ಸಂಬಂಧಿಸಿದ ಏನನ್ನು ಬದಲಾಯಿಸುವುದಾದರೂ, ಹಳೆಯ ಸಂಪರ್ಕವೊಂದನ್ನು ಮುಚ್ಚದೆ ಇಟ್ಟುಕೊಂಡು, ಹೊಸ ಕಿಟಕಿಯೊಂದರಿಂದ ಪ್ರವೇಶ ಸಾಧ್ಯವೆ ಎಂದು ನೋಡಿದ ಮೇಲೆಯೇ ಹಳೆಯದನ್ನು ಮುಚ್ಚುತ್ತೇನೆ. ಹತ್ತು ನಿಮಿಷಗಳಲ್ಲಿ ನನ್ನಿಂದ ಮರುಮಾತು ಬಾರದಿದ್ದರೆ ಹಿಂದಿನ ನಿಯಮಗಳನ್ನೇ ಮತ್ತೆ ಜಾರಿಗೆ ತರತಕ್ಕದ್ದೆಂದು ಯಂತ್ರಕ್ಕೆ ಮುಂಚಿತವಾಗಿಯೇ ಹೇಳಿಡುವುದೂ ಸಾಧ್ಯ. ಇದು ಬಲು ಒಳ್ಳೆಯ ಏರ್ಪಾಡು.

ಇಷ್ಟೆಲ್ಲ ಆದ ಮೇಲೆ, ಮುದ್ರೆಯನ್ನು ಪರೀಕ್ಷಿಸುವ ಅಧಿಕಾರಿಯನ್ನೇ ಯಾರಾದರೂ ಒಳಗೆ ಹಾಕಿಕೊಂಡರೆ ಏನು ಗತಿ ಎಂದು ಕೇಳುವವರಿದ್ದಾರೆ. ಆ ಪ್ರಯತ್ನವೂ ನಡೆದುಹೋಗಿದೆ. ಎಕ್ಸ್.ಝಡ್. ಎಂಬುದು ಕಡತಗಳನ್ನು ಕುಗ್ಗಿಸುವ ಒಂದು ಚಿಕ್ಕ ಕ್ರಮವಿಧಿ. ಕೆಲವು ಲಿನಕ್ಸ್ ಸಂಕಲನಗಳಲ್ಲಿ ಎಸ್.ಎಸ್.ಎಚ್. ಬಾಗಿಲನ್ನು ಕಾಯುವ ಭಾಗವು ಪರೋಕ್ಷವಾಗಿ ಅದನ್ನು ಅವಲಂಬಿಸಿತ್ತು. ಜಿಯಾ ಟಾನ್ ಎಂಬ ಹೆಸರಿನ ಹಿಂದೆ ಅಡಗಿದ ಒಬ್ಬರೋ ಹಲವರೋ, ಎರಡು ವರ್ಷಕ್ಕೂ ಮಿಕ್ಕ ಕಾಲ ಅದಕ್ಕೆ ಒಳ್ಳೆಯ ತಿದ್ದುಪಡಿಗಳನ್ನು ಮಾಡಿಕೊಡುತ್ತ, ಅದನ್ನು ಒಂಟಿಯಾಗಿ ನೋಡಿಕೊಳ್ಳುತ್ತಿದ್ದವರ ವಿಶ್ವಾಸವನ್ನು ಗಳಿಸಿ, ಕೊನೆಗೆ 2024ರ ಆರಂಭದಲ್ಲಿ ಅದರೊಳಗೆ ಒಂದು ಕಳ್ಳಬಾಗಿಲನ್ನು ಇಟ್ಟರು. ಅವರ ಬಳಿಯಿದ್ದ ಒಂದು ಗೋಪ್ಯದ ಕೀಲಿಗೆ ಮಾತ್ರ ತೆರೆಯುವ ಬಾಗಿಲು ಅದು. ಅದನ್ನು ಕಂಡುಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಒಬ್ಬ ಕ್ರಮವಿಧಿಕಾರರು. ಅವರು ಹುಡುಕುತ್ತಿದ್ದುದೇ ಬೇರೆ. ತಮ್ಮ ಯಂತ್ರದಲ್ಲಿ ಎಸ್.ಎಸ್.ಎಚ್. ಪ್ರವೇಶಕ್ಕೆ ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅವರಿಗೆ ಅನ್ನಿಸಿತು. ಅದರ ಬೆನ್ನುಹತ್ತಿ ಹೋಗಿ 2024ರ ಮಾರ್ಚ್ 29ರಂದು ಜಗತ್ತಿಗೆ ವಿಷಯವನ್ನು ತಿಳಿಸಿದರು. ಕಳ್ಳಬಾಗಿಲು ಸಾಮಾನ್ಯ ಬಳಕೆಯ ಸಂಕಲನಗಳಿಗೆ ಹರಡುವ ಮುನ್ನವೇ ತಡೆಯಾಯಿತು. ಒಂದು ಅಕ್ಷರದ ಬಾಗು ಆ ಶತಮಾನದ್ದಲ್ಲವೆಂದು ಅನ್ನಿಸಿ ಇಡೀ ಶಾಸನವನ್ನು ಮತ್ತೆ ಓದಿದ ಲಿಪಿಜ್ಞರ ಬಳಗಕ್ಕೆ ಫ್ರಾಯಿಂಡ್ ಅವರನ್ನು ಸೇರಿಸಲು ನನಗೆ ಸಂಕೋಚವಿಲ್ಲ.

ನಮ್ಮ ವಿಭಾಗದಲ್ಲಿ ಈ ವರ್ಷ ಒಂದು ಸಣ್ಣ ಬದಲಾವಣೆಯನ್ನು ಮಾಡಿದೆವು. ಸರ್ವರಿನ ಬೆರಳಚ್ಚನ್ನು, ಹಿಂಬಾಗಿಲಿನಿಂದ ಒಳಹೊಕ್ಕು ಯಂತ್ರದ ಬಾಯಿಂದಲೇ ಪಡೆದು, ಶಾಸನಗಳ ದಾಖಲೆ ಪುಸ್ತಕದ ಮೊದಲ ಪುಟದಲ್ಲಿ ಶಾಯಿಯಲ್ಲಿ ಬರೆದಿಟ್ಟೆವು. ಕಳೆದ ತಿಂಗಳು ಅರಕಲಗೂಡಿನಿಂದ ಹೊಸದಾಗಿ ಸೇರಿದ ವಿದ್ಯಾರ್ಥಿನಿಯು ಮೊದಲ ಸಲ ಸಂಪರ್ಕ ಮಾಡುವಾಗ ದೂರವಾಣಿಯಲ್ಲಿ ಕರೆದು, “ಸಾರ್, ಆ ಪುಸ್ತಕ ತೆಗೆದುಕೊಳ್ಳಿ, ನಾನು ಓದುತ್ತೇನೆ” ಎಂದಳು. ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ ಎಂದು ಬಿಡಿಸಿ ಹೇಳುತ್ತ ಅವಳು ನಲವತ್ತಮೂರನ್ನೂ ಓದಿದಳು. ಹದಿನೇಳನೆಯದರಲ್ಲಿ ನಾನು ಬರೆದುಕೊಂಡಿದ್ದ ಅಕ್ಷರವು ಅಂಕಿಯ ಸೊನ್ನೆಯೋ ‘ಓ’ ಎಂಬ ಅಕ್ಷರವೋ ಎಂದು ನನಗೇ ಸಂದೇಹ ಬಂದು, ಹಿಂಬಾಗಿಲಿನಿಂದ ಇನ್ನೊಮ್ಮೆ ಹೋಗಿ ನೋಡಬೇಕಾಯಿತು. ಸೊನ್ನೆಯೇ ಆಗಿತ್ತು. ಅಲ್ಲಿಯವರೆಗೆ ಅವಳು ‘ಆಗಲಿ’ ಎಂದು ಬರೆಯದೆ ಕಾದಿದ್ದಳು.